ಬಿಸಿಲಲ್ಲಿ ಗಾಲ್ಫ್: ಬಟ್ಟೆ ಕಮ್ಮಿ ಮಾಡಿದರೆ ತಂಪಾಗುತ್ತಾ?

1983ರ ಯುಎಸ್ ಓಪನ್ ಗಾಲ್ಫ್. ಅಮೆರಿಕದ ಓಕ್‌ಮಾಂಟ್ ಮೈದಾನದಲ್ಲಿ ಆಟ. ಗಾಲ್ಫ್‌ನಲ್ಲಿ ಚೆಂಡನ್ನು ಹೊಡೆಯುತ್ತ ಹೋಗಿ ಒಂದೊಂದೇ ಗುಳಿಗೆ ಹಾಕಬೇಕು, ಅಂಥ ಒಂದೊಂದು ಹಂತಕ್ಕೂ ಹೋಲ್ ಅನ್ನುತ್ತಾರೆ. ಫಾರೆಸ್ಟ್ ಫೆಜ್ಲರ್ ಅನ್ನುವ ಆಟಗಾರ ಕೊನೆಯ ಹೋಲ್‌ಗೆ ಮುಂಚೆ ಮರೆಗೆ ಹೋದರು. ವಾಪಸ್ ಬಂದಾಗ ಕಾಲಿಗೆ ಪ್ಯಾಂಟ್ ಇರಲಿಲ್ಲ, ಶಾರ್ಟ್ಸ್ ಇತ್ತು. ಅದರಲ್ಲೇ ಹದಿನೆಂಟನೇ ಹೋಲ್ ಆಡಿ ಮುಗಿಸಿದರು. ಸಂಘಟಕರ ಮೇಲಿದ್ದ ಸಿಟ್ಟನ್ನು ತೋರಿಸಲು ಅವರಿಗೆ ಹೊಳೆದ ದಾರಿ ಅದು. ನಾಲ್ಕು ಮೊಳ ಬಟ್ಟೆ ಕಮ್ಮಿಯಾದದ್ದಕ್ಕೆ ಇವತ್ತಿಗೂ ಗಾಲ್ಫ್ ಲೋಕದಲ್ಲಿ ಅವರ ಹೆಸರು ಬರುತ್ತದೆ ಅಂದರೆ, ಈ ಆಟಕ್ಕೂ ಉಡುಪಿಗೂ ಎಂಥ ನಂಟು ನೋಡಿ.

ಅಮೆರಿಕದಲ್ಲಿ ವೃತ್ತಿಪರ ಗಾಲ್ಫ್ ಪಂದ್ಯಗಳನ್ನು ನಡೆಸುವ ಪಿಜಿಎ ಟೂರ್ 2019ರಲ್ಲಿ ಅಭ್ಯಾಸದ ದಿನಗಳಿಗೆ ಮಾತ್ರ ಶಾರ್ಟ್ಸ್ ಬಿಟ್ಟಿತು. ಪಂದ್ಯದ ದಿನ ಪ್ಯಾಂಟೇ. ಅದಕ್ಕೆ ಎದುರಾಳಿಯಾದ ಸೌದಿ ದುಡ್ಡಿನ ಲಿವ್ ಗಾಲ್ಫ್ 2022ರಲ್ಲಿ ಪಂದ್ಯಕ್ಕೂ ಶಾರ್ಟ್ಸ್ ಆಗಬಹುದು ಅಂದಿತು. ಈ ಜಗಳ ನೋಡಿದವರಿಗೆ ಬಿಸಿಲಿಗೆ ಮದ್ದು ಶಾರ್ಟ್ಸ್ ಒಂದೇ ಅನ್ನಿಸಬಹುದು. ಹಾಗೇನೂ ಇಲ್ಲ. ಬೇಸಿಗೆಯ ಗಾಲ್ಫ್‌ನಲ್ಲಿ ಎಷ್ಟು ಬಟ್ಟೆ ಅನ್ನುವುದಕ್ಕಿಂತ ಎಂಥ ಬಟ್ಟೆ, ಯಾವ ಊರಿಗೆ ಅನ್ನುವುದು ಮುಖ್ಯ. ಎಷ್ಟೋ ಸಲ ಮೈ ಜಾಸ್ತಿ ಮುಚ್ಚಿಕೊಂಡವರೇ ಹದಿನೆಂಟನೇ ಹೋಲ್‌ಗೆ ಬರುವಾಗ ಚೆನ್ನಾಗಿರುತ್ತಾರೆ.

ಮೊದಲು ಆಟ ಎಷ್ಟು ಹೊತ್ತಿನದು ಅನ್ನುವುದು ಗೊತ್ತಿರಲಿ. ಹದಿನೆಂಟು ಹೋಲ್ ನಡೆದು ಆಡಿದರೆ ಏಳೆಂಟು ಕಿಲೋಮೀಟರ್ ಆರಾಮಾಗಿ ಆಗುತ್ತದೆ. ಚೆಂಡು ಅಡ್ಡಾದಿಡ್ಡಿ ಹೋಗುವವರಿಗೆ ಇನ್ನೂ ಜಾಸ್ತಿ. ನಾಲ್ಕರಿಂದ ಐದು ಗಂಟೆ ಬಯಲಿನಲ್ಲಿರಬೇಕು. ಕ್ರಿಕೆಟ್‌ನಲ್ಲಿ ಔಟಾದರೆ ಪೆವಿಲಿಯನ್ನಿನ ನೆರಳಿಗೆ ಹೋಗಬಹುದು. ಗಾಲ್ಫ್‌ನಲ್ಲಿ ಎಷ್ಟು ಕೆಟ್ಟದಾಗಿ ಆಡಿದರೂ ಯಾರೂ ಔಟ್ ಕೊಡುವುದಿಲ್ಲ. ಕೆಟ್ಟದಾಗಿ ಆಡಿದಷ್ಟೂ ಬಿಸಿಲಲ್ಲಿ ಇರುವ ಹೊತ್ತು ಹೆಚ್ಚು.

ಬೆಂಗಳೂರಿಗೊಂದು ಬಟ್ಟೆ, ಮಂಗಳೂರಿಗೊಂದು

ನಡೆಯುವಾಗ ಮೈಯಲ್ಲಿ ಶಾಖ ಹುಟ್ಟುತ್ತದೆ. ಅದನ್ನು ಹೊರಗೆ ಹಾಕಲು ಮೈಗಿರುವ ದೊಡ್ಡ ಉಪಾಯ ಬೆವರು. ಆದರೆ ಬೆವರು ಬಂದಷ್ಟಕ್ಕೇ ತಂಪಾಗುವುದಿಲ್ಲ. ಅದು ಆವಿಯಾಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಎಳೆದುಕೊಂಡು ಹೋಗುತ್ತದೆ. ಚುರುಕಾಗಿ ಒಂದು ಗಂಟೆ ನಡೆದಾಗ ಹುಟ್ಟುವ ಶಾಖಕ್ಕಿಂತ ಇದು ಬಹಳ ಜಾಸ್ತಿ. ಅದೇ ಒಂದು ಲೀಟರ್ ಹಣೆಯಿಂದ, ಗಲ್ಲದಿಂದ ತೊಟ್ಟಿಕ್ಕಿ ಹುಲ್ಲಿಗೆ ಬಿದ್ದರೆ ಏನೂ ಪ್ರಯೋಜನವಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮೈಯಲ್ಲೇ ಉಳಿಯಿತು.

ಆವಿಯಾಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಗಾಳಿಯ ತೇವ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಬೆಂಗಳೂರಿನ ಗಾಳಿ ಒಣಗಿರುತ್ತದೆ. ಬೆವರು ಬಂದದ್ದೇ ಗೊತ್ತಾಗದಷ್ಟು ಬೇಗ ಆರಿ ಹೋಗುತ್ತದೆ. ಮಂಗಳೂರಿನ ಪಿಲಿಕುಳದಲ್ಲೂ ಗಾಲ್ಫ್ ಮೈದಾನವಿದೆ. ಅಲ್ಲಿ ಉಷ್ಣಾಂಶ ಬೆಂಗಳೂರಿನಷ್ಟೇ ಇದ್ದರೂ ಕಡಲ ತೇವ ಗಾಳಿಯಲ್ಲಿ ತುಂಬಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ. ಹವಾಮಾನದ ಆ್ಯಪ್‌ನಲ್ಲಿ ಎರಡೂ ಊರಿಗೆ 34 ಡಿಗ್ರಿ ಅಂತ ತೋರಿಸಬಹುದು. ಮೈಗೆ ಮಾತ್ರ ಅವು ಎರಡು ಬೇರೆ ಲೋಕ.

ಹಾಗಾಗಿ ಬಟ್ಟೆಯೂ ಬೇರೆ ಬೇರೆ. ಬೆಂಗಳೂರು, ಮೈಸೂರಿನ ಒಣ ಬೇಸಿಗೆಯಲ್ಲಿ ದೊಡ್ಡ ತೊಂದರೆ ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುವುದು. ಅಲ್ಲಿ ತೆಳುವಾದ ಫುಲ್ ತೋಳಿನ ಅಂಗಿಯೇ ಹಿತ. ಬಿಸಿಲಿನ ಶಾಖವನ್ನು ಬಟ್ಟೆ ತಡೆಯುತ್ತದೆ, ಬಟ್ಟೆಗೂ ಚರ್ಮಕ್ಕೂ ನಡುವೆ ಗಾಳಿ ಆಡುತ್ತದೆ, ಬೆವರೂ ಆರುತ್ತದೆ. ನಮ್ಮ ಹೊಲಗಳಲ್ಲಿ ಏಪ್ರಿಲ್ ಬಿಸಿಲಲ್ಲಿ ಕೆಲಸ ಮಾಡುವ ಹೆಂಗಸರನ್ನು ನೋಡಿ. ಸೀರೆಯ ಮೇಲೆ ಗಂಡಸರ ಫುಲ್ ತೋಳಿನ ಹಳೇ ಶರ್ಟ್ ಹಾಕಿ, ತಲೆಗೆ ಟವೆಲ್ ಕಟ್ಟಿರುತ್ತಾರೆ. ಯಾವ ಕಂಪನಿಯೂ ಅವರಿಗೆ ಹೇಳಿಕೊಟ್ಟಿಲ್ಲ. ಬೇಸಿಗೆಯ ಗಾಲ್ಫ್ ಉಡುಪಿನ ಮುಕ್ಕಾಲು ಪಾಲು ಲೆಕ್ಕಾಚಾರ ಅದರಲ್ಲೇ ಇದೆ.

ಕರಾವಳಿಯಲ್ಲಿ ಈ ಲೆಕ್ಕ ಸ್ವಲ್ಪ ತಿರುಗುತ್ತದೆ. ಬೆವರು ಆರುವುದೇ ಕಷ್ಟ ಇರುವಾಗ ಮೈಗೆ ಗಾಳಿ ತಾಗಬೇಕು. ಅರ್ಧ ತೋಳು, ಸಡಿಲ ಕತ್ತು, ಶಾರ್ಟ್ಸ್ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ತೆರೆದ ಕೈಕಾಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕು, ಅಷ್ಟೇ. ಚೆನ್ನೈ, ಮುಂಬೈ, ಸಿಂಗಪುರದಲ್ಲಿ ಆಡುವ ಕನ್ನಡಿಗರಿಗೂ ಇದೇ ಮಾತು. ದುಬೈನಲ್ಲಿರುವವರದು ಇನ್ನೊಂದು ಕಥೆ. ಅಲ್ಲಿ ಬೇಸಿಗೆಯಲ್ಲಿ ಬಿಸಿಲೂ ಉಂಟು, ಕಡಲ ತೇವವೂ ಉಂಟು. ಯಾವ ಬಟ್ಟೆ ಹಾಕಿದರೂ ಸಾಲದು. ಅದಕ್ಕೇ ಅಲ್ಲಿ ದೀಪ ಹಾಕಿ ರಾತ್ರಿ ಆಡಿಸುವ ಮೈದಾನಗಳಿವೆ.

ಕಾಟನ್ ಒಳ್ಳೇದು, ಆದರೆ ಎಲ್ಲ ಕಾಟನ್ ಅಲ್ಲ

ಬೇಸಿಗೆಗೆ ಕಾಟನ್ ಹಾಕು ಅನ್ನುವುದು ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಮಾತು. ಮನೆಯಲ್ಲಿ ಫ್ಯಾನ್ ಕೆಳಗೆ ಕೂರುವವರಿಗೆ, ಪೇಟೆಗೆ ಹೋಗಿ ಬರುವವರಿಗೆ ಸರಿ. ನಾಲ್ಕು ಗಂಟೆ ನಡೆದು, ನಡುನಡುವೆ ಭುಜ ತಿರುಗಿಸಿ ಹೊಡೆಯುವವರಿಗೆ ಸ್ವಲ್ಪ ಯೋಚನೆ ಬೇಕು.

ಹತ್ತಿಯ ಎಳೆ ನೀರನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ಸಾಮಾನ್ಯ ಗಾಳಿಯಲ್ಲೇ ಅದರ ತೂಕದ ಸುಮಾರು 8 ಶೇಕಡ ತೇವ ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅರ್ಧ ಶೇಕಡವೂ ಇಲ್ಲ. ಬೆವರಿದಾಗ ಹತ್ತಿ ಬಟ್ಟೆ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಭಾರವಾಗುತ್ತದೆ, ಬೆನ್ನಿಗೆ ಅಂಟುತ್ತದೆ, ನಿಧಾನಕ್ಕೆ ಆರುತ್ತದೆ. ಪಾಲಿಯೆಸ್ಟರ್ ಎಳೆ ಕುಡಿಯುವುದಿಲ್ಲ. ಸರಿಯಾಗಿ ನೇಯ್ದಿದ್ದರೆ ಎಳೆ ಎಳೆಗಳ ನಡುವಿನ ಸಂದಿಯಲ್ಲಿ ಬೆವರು ಹರಡಿಕೊಂಡು ಬಟ್ಟೆಯ ಹೊರಮೈಗೆ ಬಂದು ಬೇಗ ಆರುತ್ತದೆ. ಅಂಗಡಿಯವರು ಡ್ರೈ ಫಿಟ್ ಅಂತ ಕರೆಯುವುದು ಇದನ್ನೇ.

ಇಲ್ಲಿ ಒಂದು ಮಾತು. ಹತ್ತಿಯನ್ನು ಪೂರ್ತಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಒಣ ಹವೆಯಲ್ಲಿ, ತೆಳುವಾದ ಸಡಿಲ ಹತ್ತಿ ಅಂಗಿ ಒದ್ದೆಯಾಗಿ ಆರುತ್ತ ಇರುವಾಗ ಸಿಗುವ ತಂಪನ್ನು ಯಾವ ಪಾಲಿಯೆಸ್ಟರ್ರೂ ಕೊಡುವುದಿಲ್ಲ. ತೊಂದರೆ ಇರುವುದು ಗಾಲ್ಫ್ ಟೀ ಶರ್ಟ್ ಅಂತ ಮಾರುವ ದಪ್ಪ ಹತ್ತಿಯಲ್ಲಿ. ಜೇನುಗೂಡಿನ ಹಾಗೆ ಹೆಣೆದ ಕಾಲರ್ ಟೀ ಶರ್ಟ್ ಇರುತ್ತದಲ್ಲ, ಅದರ ಬಟ್ಟೆ ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಗ್ರಾಂ ದಾಟುತ್ತದೆ. ನೋಡಲು ಗಟ್ಟಿಮುಟ್ಟು, ಇಸ್ತ್ರಿ ಚೆನ್ನಾಗಿ ನಿಲ್ಲುತ್ತದೆ, ಕ್ಲಬ್‌ನ ಲೋಗೋ ಹಾಕಿದರೆ ಒಪ್ಪುತ್ತದೆ. ಬೇಸಿಗೆಗೆ ಮಾತ್ರ ಹೊಂದುವುದಿಲ್ಲ. 120ರಿಂದ 160 ಗ್ರಾಂ ಒಳಗಿನದನ್ನು ಹುಡುಕಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಜಿಎಸ್‌ಎಂ ಅಂತ ಬರೆದಿರುವ ಅಂಕಿ ಇದೇ.

ಪಾಲಿಯೆಸ್ಟರ್ ಅಂದ ಮಾತ್ರಕ್ಕೆ ಎಲ್ಲವೂ ತಂಪಲ್ಲ. ಒತ್ತಾಗಿ ನೇಯ್ದು ಹೊಳೆಯುವ ಅಗ್ಗದ ಬಟ್ಟೆ ಹಾಕಿಕೊಂಡರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಾಗುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋಗಬೇಕು. ಮನೆಗೆ ತಂದ ಮೇಲೆ ಒಂದು ಹನಿ ನೀರು ಹಾಕಿ. ಹನಿ ಮುತ್ತಿನ ಹಾಗೆ ನಿಂತರೆ ಆ ಬಟ್ಟೆ ಬೆವರನ್ನೂ ಹರಡುವುದಿಲ್ಲ. ತಕ್ಷಣ ಅಗಲವಾಗಿ ಹರಡಿದರೆ ಒಳ್ಳೆಯ ಬಟ್ಟೆ.

ಒಗೆಯುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಟ್ಟೆ ಮೃದುವಾಗಲಿ, ಘಮ್ಮೆನ್ನಲಿ ಅಂತ ಕೊನೆಯಲ್ಲಿ ಹಾಕುವ ಲಿಕ್ವಿಡ್ಡನ್ನು ಈ ಅಂಗಿಗಳಿಗೆ ಹಾಕಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಬೆವರು ಹರಡುವುದು ಕಮ್ಮಿಯಾಗುತ್ತದೆ. ಪಾಲಿಯೆಸ್ಟರ್ ಮೈಯ ಜಿಡ್ಡನ್ನು ಹಿಡಿದುಕೊಳ್ಳುವುದರಿಂದ ವಾಸನೆಯೂ ಬೇಗ ಹತ್ತುತ್ತದೆ. ಒಳಮೈ ಹೊರಗೆ ತಿರುಗಿಸಿ, ಆಟ ಮುಗಿದ ದಿನವೇ ಒಗೆದರೆ ಸಾಕು. ಕಾರಿನ ಡಿಕ್ಕಿಯಲ್ಲಿ ಎರಡು ದಿನ ಬಿಟ್ಟರೆ ಆ ಅಂಗಿಯ ಆಸೆ ಬಿಡಿ.

ತಂಪು ಗಾಳಿಯ ಮೋಸ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಎತ್ತರ ಹೆಚ್ಚಾದಷ್ಟೂ ಬಿಸಿಲಿನ ಅತಿನೇರಳೆ ಕಿರಣ ಹೆಚ್ಚು. ಸಾವಿರ ಮೀಟರ್‌ಗೆ ಸುಮಾರು 10 ಶೇಕಡ ಏರುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಜೊತೆಗೆ ನಾವು ಸಮಭಾಜಕಕ್ಕೆ ಹತ್ತಿರ, ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಇಷ್ಟಾದರೂ ಬೆಳಗಿನ ತಂಗಾಳಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಸೆಕೆ ಆದರೆ ಮನುಷ್ಯ ನೆರಳು ಹುಡುಕುತ್ತಾನೆ. ಈ ಕಿರಣಕ್ಕೆ ಬಿಸಿ ಇಲ್ಲ, ಬೆಳಕೂ ಕಾಣುವುದಿಲ್ಲ. ತೆಳು ಮೋಡವನ್ನೂ ದಾಟಿ ಬರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಮೈದಾನಗಳಲ್ಲಿ ಹಾಯಾಗಿ ಆಡಿ ಬಂದು ರಾತ್ರಿ ಕತ್ತು ಉರಿಯುತ್ತಿದೆ ಅನ್ನುವವರು ಈ ಮೋಸಕ್ಕೆ ಸಿಕ್ಕವರು.

ಹವಾಮಾನದ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತದೆ, ಅತಿನೇರಳೆ ಎಷ್ಟು ಜೋರು ಅಂತ ಹೇಳುವುದು ಅದೇ. ಡಿಗ್ರಿಗಿಂತ ಮೊದಲು ಅದನ್ನು ನೋಡಿ. 8 ಮುಟ್ಟಿದರೆ ಬಹಳ ಹೆಚ್ಚು, 11 ಮುಟ್ಟಿದರೆ ವಿಪರೀತ ಅಂತ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ. ಬೇಸಿಗೆಯ ಮಧ್ಯಾಹ್ನ ನಮ್ಮ ಕಡೆ 10 ದಾಟುವುದು ಮಾಮೂಲು. ಬೆಳಿಗ್ಗೆ ಎಂಟರವರೆಗೆ ಇದು ತೀರಾ ಕಮ್ಮಿ. ಆರಕ್ಕೇ ಟೀ ಆಫ್ ಮಾಡಲು, ಅಂದರೆ ಮೊದಲ ಹೊಡೆತ ಹೊಡೆದು ಆಟ ಶುರು ಮಾಡಲು, ಕ್ಲಬ್‌ಗಳಲ್ಲಿ ಯಾಕೆ ಜಗಳ ಅಂತ ಈಗ ಗೊತ್ತಾಯಿತಲ್ಲ.

ನಮ್ಮದು ಕಂದು ಚರ್ಮ, ನಮಗೇನಾಗುತ್ತೆ ಅನ್ನುವವರಿದ್ದಾರೆ. ಅರ್ಧ ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಂದಿಷ್ಟು ಕಾಪಾಡುತ್ತದೆ. ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಮ್ಮಿ. ಗಾಲ್ಫ್ ಆಟಗಾರರಾದ ಆಸ್ಟ್ರೇಲಿಯಾದ ಆಡಮ್ ಸ್ಕಾಟ್, ಅಮೆರಿಕದ ಸ್ಟೀವರ್ಟ್ ಸಿಂಕ್ ಇಬ್ಬರೂ ಮುಖದ ಮೇಲಿನ ಚರ್ಮದ ಕ್ಯಾನ್ಸರ್ ತೆಗೆಸಿಕೊಂಡವರು. ಅಂಥ ಭಯ ನಮಗೆ ಅಷ್ಟಿಲ್ಲ. ಆದರೆ ಕೆನ್ನೆಯ ಮೇಲೆ ಬಂಗು ಬರುವುದು, ಕತ್ತು ಸುಕ್ಕಾಗುವುದು, ಕಣ್ಣಿಗೆ ಪೊರೆ ಬೇಗ ಬರುವುದು ಇವೆಲ್ಲ ನಮಗೂ ಇವೆ.

ಬಟ್ಟೆ ಈ ಕಿರಣವನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಯುಪಿಎಫ್ ಅನ್ನುವ ಅಳತೆ ಇದೆ. 50 ಅಂದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳುವಾದ ಬಿಳಿ ಹತ್ತಿ ಟೀ ಶರ್ಟ್ 10ರ ಒಳಗೇ ಇರುತ್ತದೆ, ಒದ್ದೆಯಾದರೆ ಇನ್ನೂ ಕೆಳಗೆ. ಇಲ್ಲೇ ನೋಡಿ ಪೇಚು. ಗಾಳಿ ಚೆನ್ನಾಗಿ ಆಡುವ ಬಟ್ಟೆ ಬಿಸಿಲನ್ನೂ ಒಳಗೆ ಬಿಡುತ್ತದೆ. ಬಿಸಿಲು ತಡೆಯುವ ಬಟ್ಟೆಯಲ್ಲಿ ಗಾಳಿ ಕಮ್ಮಿ. ಪಾಲಿಯೆಸ್ಟರ್ ಎಳೆಗೆ ಕಿರಣವನ್ನು ಹೀರುವ ಗುಣ ತಾನಾಗಿಯೇ ಸ್ವಲ್ಪ ಇರುವುದರಿಂದ ಈ ಪೇಚಿನಲ್ಲಿ ಅದು ಹತ್ತಿಗಿಂತ ಚೂರು ಮೇಲು. ಬಟ್ಟೆಯನ್ನು ಕಿಟಕಿಗೆ ಎದುರಾಗಿ ಹಿಡಿಯಿರಿ. ಬೆರಳು ಸ್ಪಷ್ಟವಾಗಿ ಕಂಡರೆ ಬಿಸಿಲಿಗೆ ಆ ಅಂಗಿ ಇದ್ದೂ ಇಲ್ಲದ ಹಾಗೆ.

ಬಣ್ಣದ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಒಂದೇ: ಬಿಳಿ ತಂಪು, ಕಪ್ಪು ಬಿಸಿ. ಮೈಗೆ ಅಂಟಿದ ಅಂಗಿಗೆ ಇದು ಸರಿ. ಸಡಿಲ ಬಟ್ಟೆಗೆ ಅಷ್ಟು ನೇರವಲ್ಲ. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ವಿಜ್ಞಾನಿಗಳು ಅಳೆದು ನೋಡಿದ್ದಾರೆ. 1980ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕಪ್ಪು ಬಟ್ಟೆ ಜಾಸ್ತಿ ಬಿಸಿಯಾದರೂ, ಸಡಿಲವಾಗಿರುವುದರಿಂದ ಒಳಗಿನ ಗಾಳಿ ಆ ಬಿಸಿಯನ್ನು ಹೊತ್ತು ಹೋಗುತ್ತದೆ. ಚರ್ಮಕ್ಕೆ ತಲುಪುವ ಶಾಖ ಬಿಳಿಯದರಷ್ಟೇ. ಹಾಗಂತ ನಿಲುವಂಗಿ ಹಾಕಿ ಸ್ವಿಂಗ್ ಮಾಡಲು, ಅಂದರೆ ಸ್ಟಿಕ್ ಬೀಸಲು ಆಗುವುದಿಲ್ಲ. ಗಾಢ ಬಣ್ಣ ಅತಿನೇರಳೆಯನ್ನು ಚೆನ್ನಾಗಿ ತಡೆಯುತ್ತದೆ, ತಿಳಿ ಬಣ್ಣ ಶಾಖವನ್ನು. ಆಕಾಶ ನೀಲಿ, ತಿಳಿ ಹಸಿರಿನಂಥ ನಡುವಿನ ಬಣ್ಣ ಆರಿಸಿಕೊಂಡರೆ ಎರಡೂ ಸುಮಾರಾಗಿ ಸಿಗುತ್ತವೆ. ಬೂದು ಬಣ್ಣ ಮಾತ್ರ ಬೇಡ. ಒಂದು ಹನಿ ಬೆವರೂ ಎದ್ದು ಕಾಣುತ್ತದೆ.

ತಲೆ, ಕೈ, ಕಾಲು

ಸ್ಟೀವರ್ಟ್ ಸಿಂಕ್ ಟೋಪಿ ತೆಗೆದ ಫೋಟೋಗಳನ್ನು ನೋಡಿದವರು ಮರೆಯುವುದಿಲ್ಲ. ಹುಬ್ಬಿನವರೆಗೆ ಕಂದು, ಅದರ ಮೇಲೆ ಗೆರೆ ಎಳೆದ ಹಾಗೆ ಬೆಳ್ಳಗೆ. ಮುಂದೆ ಚಾಚಿದ ಸಾಮಾನ್ಯ ಕ್ಯಾಪ್ ನೆತ್ತಿ, ಹಣೆ ಕಾಯುತ್ತದೆ. ಕಿವಿಯನ್ನಲ್ಲ, ಕತ್ತಿನ ಹಿಂಭಾಗವನ್ನಲ್ಲ. ಗಾಲ್ಫ್‌ನಲ್ಲಿ ಚೆಂಡಿನ ಮೇಲೆ ಬಗ್ಗಿ ನಿಲ್ಲುವುದರಿಂದ ಕತ್ತಿನ ಹಿಂಭಾಗಕ್ಕೆ ಬಿಸಿಲು ನೇರವಾಗಿ ಬೀಳುತ್ತದೆ. ಸುತ್ತಲೂ ಏಳೆಂಟು ಸೆಂಟಿಮೀಟರ್ ಅಂಚಿರುವ ಟೋಪಿ ಬೇಕು. ಆಸ್ಟ್ರೇಲಿಯಾದ ಆಟಗಾರ ಗ್ರೆಗ್ ನಾರ್ಮನ್ ಅಂಥ ಅಗಲ ಟೋಪಿಯಿಂದಲೇ ಗುರುತಾದವರು. ನಮ್ಮ ಕ್ಲಬ್‌ಗಳಲ್ಲಿ ಅದನ್ನು ಹಾಕಿದರೆ ಅಂಕಲ್ ಥರ ಕಾಣುತ್ತೀವಿ ಅಂತ ಹುಡುಗರಿಗೆ ಸಂಕೋಚ. ಕಾಣಲಿ ಬಿಡಿ. ತಲೆಯ ಮೇಲ್ಭಾಗದಲ್ಲಿ ಗಾಳಿಗೆ ಜಾಲರಿ ಇರುವ ಟೋಪಿಯಾದರೆ ಇನ್ನೂ ಒಳ್ಳೆಯದು. ತಲೆಗೂದಲು ತೆಳುವಾದವರು ಬರೀ ವೈಸರ್, ಅಂದರೆ ನೆತ್ತಿ ತೆರೆದಿರುವ ಅಂಚು ಮಾತ್ರದ ಟೋಪಿ, ಹಾಕುವುದು ಬೇಡ.

ಕಾಲರ್ ಇಲ್ಲಿ ಸುಮ್ನೆ ಶೋಕಿಗೆ ಇರುವುದಲ್ಲ. ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ತ್ 1926ರಲ್ಲಿ ಉದ್ದ ತೋಳಿನ ಗಂಜಿ ಹಾಕಿದ ಶರ್ಟ್ ಬಿಟ್ಟು ಮೆತ್ತನೆ ಕಾಲರ್‌ನ ಅರ್ಧ ತೋಳಿನ ಅಂಗಿಯಲ್ಲಿ ಆಡಿದರು. ಗಾಲ್ಫ್‌ನವರು ಹಾಕುವ ಟೀ ಶರ್ಟ್ ಅದರ ವಂಶದ್ದೇ. ಕತ್ತು ಉರಿಯುವಾಗ ಆ ಕಾಲರನ್ನು ಮೇಲಕ್ಕೆ ಎತ್ತಿಕೊಳ್ಳಬಹುದು.

ಕೈಯ ವಿಷಯ ತಮಾಷೆಯದು. ಬಲಗೈ ಆಟಗಾರರು ಎಡಗೈಗೆ ಮಾತ್ರ ಗ್ಲೌಸ್ ಹಾಕುತ್ತಾರೆ. ವರ್ಷಗಟ್ಟಲೆ ಆಡಿದವರ ಎರಡು ಕೈ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಮನುಷ್ಯರದ್ದು ಅನ್ನಿಸುತ್ತದೆ. ಬೆವರಿದ ಚರ್ಮದ ಗ್ಲೌಸ್ ಜಾರುತ್ತದೆ, ಜಾರಿದಾಗ ಸ್ಟಿಕ್ಕನ್ನು ಬಿಗಿಯಾಗಿ ಹಿಡಿಯುತ್ತೀರಿ, ಬಿಗಿ ಹಿಡಿದರೆ ಸ್ವಿಂಗ್ ಕೆಡುತ್ತದೆ. ಎರಡು ಗ್ಲೌಸ್ ಇಟ್ಟುಕೊಂಡು ಒಂದಾದ ಮೇಲೆ ಒಂದು ಬದಲಿಸಿ. ತೆಗೆದದ್ದನ್ನು ಬ್ಯಾಗಿನ ಹೊರಗೆ ನೆರಳಲ್ಲಿ ನೇತುಹಾಕಿ. ಬಿಸಿಲಲ್ಲಿ ಒಣಗಿಸಿದರೆ ಚರ್ಮ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ಕರಾವಳಿಯಲ್ಲಿ ಆಡುವವರು ಮಳೆಗಾಲದ ಗ್ಲೌಸನ್ನೇ ಬೇಸಿಗೆಗೂ ಹಾಕಬಹುದು. ಅದು ಒದ್ದೆಯಾದಷ್ಟೂ ಹಿಡಿತ ಕೊಡುತ್ತದೆ. ಅರ್ಧ ತೋಳು ಹಾಕುವವರು ಕ್ರಿಕೆಟಿಗರು ಹಾಕುವಂಥ ತೋಳುಚೀಲ ಹಾಕಿಕೊಳ್ಳಲಿ, ನಿಯಮದ ಅಡ್ಡಿ ಇಲ್ಲ.

ಸನ್‌ಸ್ಕ್ರೀನ್ ಹಚ್ಚುವುದನ್ನು ಕಾರು ಇಳಿದ ಮೇಲೆ ನೆನಪಿಸಿಕೊಳ್ಳುವುದಲ್ಲ, ಮನೆಯಿಂದ ಹೊರಡುವಾಗಲೇ ಮುಗಿಸಿ. ಬಾಟಲಿಯ ಮೇಲೆ ಬರೆದಿರುವ ಎಸ್‌ಪಿಎಫ್ ಅಂಕಿ 30 ಇದ್ದರೆ ಸಾಕು, ಅದು ಚರ್ಮ ಸುಡುವ ಕಿರಣವನ್ನು ಸುಮಾರು 97 ಶೇಕಡ ತಡೆಯುತ್ತದೆ. 50 ಹಚ್ಚಿದರೆ 98. ಅಂಕಿಗಿಂತ ಪ್ರಮಾಣ ಮುಖ್ಯ. ಮುಖ, ಕತ್ತಿಗೆ ಎರಡು ಬೆರಳಿನ ಉದ್ದದಷ್ಟು ಬೇಕು, ನಾವು ಹಚ್ಚುವುದು ಕಡಲೆಕಾಳಿನಷ್ಟು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಅಂದರೆ ಒಂಬತ್ತನೇ ಹೋಲ್ ಮುಗಿದಾಗ. ಆಮೇಲೆ ಅಂಗೈಯನ್ನು ಒದ್ದೆ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ. ಇಲ್ಲದಿದ್ದರೆ ಸ್ಟಿಕ್ಕು ಚೆಂಡಿಗಿಂತ ದೂರ ಹೋದೀತು.

ಕಾಲಿಗೆ ಹತ್ತಿ ಸಾಕ್ಸ್ ಬೇಡವೇ ಬೇಡ. ಅಂಗಿಯಲ್ಲಿ ಹತ್ತಿಗೆ ನಾನು ರಿಯಾಯಿತಿ ಕೊಟ್ಟೆ, ಇಲ್ಲಿ ಕೊಡಲಾರೆ. ಶೂ ಒಳಗೆ ಗಾಳಿ ಇಲ್ಲ, ಒದ್ದೆಯಾದ ಹತ್ತಿ ಒದ್ದೆಯಾಗಿಯೇ ಉಳಿದು ಚರ್ಮಕ್ಕೆ ಉಜ್ಜಿ ಗುಳ್ಳೆ ಎಬ್ಬಿಸುತ್ತದೆ. ಪಾಲಿಯೆಸ್ಟರ್, ನೈಲಾನ್ ಮಿಶ್ರಣ, ಇಲ್ಲವೇ ತೆಳು ಉಣ್ಣೆ. ಬೇಸಿಗೆಗೆ ಉಣ್ಣೆಯಾ ಅಂತ ನಗಬೇಡಿ. ನಯವಾದ ಮೆರಿನೋ ಉಣ್ಣೆ ತೇವ ಹೀರಿದರೂ ಚರ್ಮಕ್ಕೆ ಒದ್ದೆ ಅನ್ನಿಸುವುದಿಲ್ಲ, ವಾಸನೆಯೂ ಬರುವುದಿಲ್ಲ. ಶೂ ಕೊಳ್ಳುವಾಗ ನೀರು ಒಳಗೆ ಬರದ ಶೂ ಅಂತ ಜಾಸ್ತಿ ದುಡ್ಡು ಕೊಡುತ್ತಾರೆ. ನೀರು ಒಳಗೆ ಬರದ್ದು ಬೆವರನ್ನೂ ಸಲೀಸಾಗಿ ಹೊರಗೆ ಬಿಡುವುದಿಲ್ಲ. ಮುಂಗಾರಿಗೆ ಅದು ಸರಿ, ಮಾರ್ಚ್‌ನಿಂದ ಮೇವರೆಗೆ ಜಾಲರಿ ಬಟ್ಟೆಯ ಹಗುರ ಶೂ ವಾಸಿ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆಯುತ್ತದೆ ಅನ್ನುವುದು ನಿಜ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಸಾಕ್ಸ್ ಇಟ್ಟುಕೊಂಡರೆ ಮುಗಿಯಿತು.

ಕ್ಲಬ್ ಏನು ಬಿಡುತ್ತದೆ

ಗಾಲ್ಫ್ ಆಟದ ನಿಯಮ ಪುಸ್ತಕ ನೀವು ಪ್ಯಾಂಟ್ ಹಾಕಬೇಕೋ ಶಾರ್ಟ್ಸ್ ಹಾಕಬೇಕೋ ಹೇಳುವುದಿಲ್ಲ. ಅದೆಲ್ಲ ಆಯಾ ಕ್ಲಬ್‌ನ, ಆಯಾ ಪಂದ್ಯದ ಕಟ್ಟಳೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಕೋಲ್ಕತ್ತದ ರಾಯಲ್ ಕ್ಯಾಲ್ಕಟ್ಟಾ 1829ರಲ್ಲಿ. ಚಳಿ ದೇಶದವರು ತಂದ ಆಟ, ಚಳಿ ದೇಶದ ಮರ್ಯಾದೆಯನ್ನೂ ತಂದಿತು. ಈಗ ಹೆಚ್ಚಿನ ಕಡೆ ಕಾಲರ್ ಇರುವ ಅಂಗಿ, ಅದನ್ನು ಒಳಗೆ ಸೇರಿಸಿ ಹಾಕುವುದು, ಪ್ಯಾಂಟ್ ಅಥವಾ ಮೊಣಕಾಲಿನ ಹತ್ತಿರ ಬರುವ ನೇರ ಹೊಲಿಗೆಯ ಶಾರ್ಟ್ಸ್ ಇಷ್ಟಕ್ಕೆ ಬಂದು ನಿಂತಿದೆ. ಜೀನ್ಸ್, ರೌಂಡ್ ನೆಕ್ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಬದಿಯಲ್ಲಿ ಜೇಬಿರುವ ಕಾರ್ಗೊ, ಚಪ್ಪಲಿ ನಡೆಯುವುದಿಲ್ಲ. ಜೀನ್ಸ್ ಬೇಡ ಅನ್ನುವುದು ಬೇಸಿಗೆಯಲ್ಲಿ ನಿಮಗೇ ಒಳ್ಳೆಯದು, ಸುಮ್ನೆ ಒಪ್ಪಿಕೊಳ್ಳಿ. ಅಂಗಿ ಒಳಗೆ ಸೇರಿಸಬೇಕು ಅನ್ನುವ ಕಟ್ಟಳೆ ಮಾತ್ರ ನಮ್ಮ ಹವೆಗೆ ಸಲ್ಲದು. ಸೊಂಟದ ಹತ್ತಿರ ಗಾಳಿ ಆಡುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಅನುಮಾನವಿದ್ದರೆ ಮೊದಲೇ ಫೋನ್ ಮಾಡಿ ಕೇಳಿ, ಮೈದಾನದ ಕಟ್ಟಳೆ ಬೇರೆ, ಊಟದ ಹಾಲಿನದ್ದು ಬೇರೆ ಇರುತ್ತದೆ.

ಶಾರ್ಟ್ಸ್ ಬಿಡುವ ಕಡೆಯೂ ಪ್ಯಾಂಟ್ ಹಾಕಲು ಕಾರಣಗಳಿವೆ. ಚೆಂಡು ಪೊದೆಗೆ ಹೋಗುತ್ತದೆ. ಮಲೆನಾಡು, ಕೊಡಗಿನ ಕಡೆ ಪೊದೆ ಅಂದರೆ ಮುಳ್ಳು, ಉಣುಗು, ಮಳೆ ಬಿದ್ದ ಮೇಲೆ ಜಿಗಣೆ. ಹಗುರವಾದ, ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ಪ್ಯಾಂಟ್‌ಗೂ ಶಾರ್ಟ್ಸ್‌ಗೂ ಸೆಕೆಯಲ್ಲಿ ಬಹಳ ಅಂತರವೇನೂ ಇರುವುದಿಲ್ಲ. ದಪ್ಪ ಕಾಟನ್ ಪ್ಯಾಂಟ್‌ಗೆ ಹೋಲಿಸಿದರೆ ಶಾರ್ಟ್ಸ್ ಸ್ವರ್ಗ.

ಹೆಂಗಸರಿಗೆ ಕಟ್ಟಳೆ ಕೆಲವು ಕಡೆ ಸಡಿಲ, ಕೆಲವು ಕಡೆ ಇನ್ನೂ ಬಿಗಿ. ಕಾಲರ್ ಇದ್ದರೆ ತೋಳಿಲ್ಲದ ಅಂಗಿಗೂ ಬಹಳ ಕಡೆ ಒಪ್ಪಿಗೆ ಇದೆ. ಒಳಗೆ ಶಾರ್ಟ್ಸ್ ಸೇರಿಸಿ ಹೊಲಿದ ಸ್ಕರ್ಟ್ ಈ ಆಟಕ್ಕೆ ಹೇಳಿ ಮಾಡಿಸಿದ್ದು: ಗಾಳಿ ಆಡುತ್ತದೆ, ಜೇಬಿರುತ್ತದೆ, ಬಗ್ಗಿ ಚೆಂಡು ಎತ್ತಲು ಮುಜುಗರವಿಲ್ಲ. ಅಮೆರಿಕದಲ್ಲಿ ಹೆಂಗಸರ ವೃತ್ತಿಪರ ಗಾಲ್ಫ್ ನಡೆಸುವ ಎಲ್‌ಪಿಜಿಎ 2017ರಲ್ಲಿ ಆಟಗಾರ್ತಿಯರ ಕತ್ತಿನ ಆಳ, ಸ್ಕರ್ಟಿನ ಉದ್ದದ ಬಗ್ಗೆ ಹೊಸ ಕಟ್ಟಳೆ ತಂದು, ಮೀರಿದವರಿಗೆ ದಂಡ ಅಂತ ಹೇಳಿ ಟೀಕೆಗೆ ಸಿಕ್ಕಿತು. ಆ ಚರ್ಚೆಯಲ್ಲಿ ಬಿಸಿಲಿನ ಮಾತು ಬಂದದ್ದು ಕಮ್ಮಿ.

ಒಂದು ವಿಷಯದಲ್ಲಿ ಮಾತ್ರ ಆಟದ ನಿಯಮವೇ ಬಿಸಿಲಿನ ಬಗ್ಗೆ ಮಾತಾಡುತ್ತದೆ. ಅದು ಕೊಡೆ. ಚೆಂಡು ಹೊಡೆಯುವ ಕ್ಷಣದಲ್ಲಿ ಕ್ಯಾಡಿ, ಅಂದರೆ ನಿಮ್ಮ ಬ್ಯಾಗ್ ಹೊರುವವರು, ನಿಮ್ಮ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುವಂತಿಲ್ಲ. ಮಳೆಗಾದರೂ ಇಲ್ಲ, ಬಿಸಿಲಿಗಾದರೂ ಇಲ್ಲ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಆಟದಲ್ಲಿ ಎರಡು ಸ್ಟ್ರೋಕ್, ಅಂದರೆ ಎರಡು ಹೊಡೆತ, ದಂಡ. ನಿಮ್ಮ ಕೊಡೆ ನೀವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಚೆಂಡನ್ನು ಗುಳಿಗೆ ತಳ್ಳಿದರೆ ತಪ್ಪಿಲ್ಲ. ನಡೆಯುವಾಗ ಯಾರು ಬೇಕಾದರೂ ಹಿಡಿಯಬಹುದು. ಒಳಗೆ ಬೆಳ್ಳಿ ಲೇಪವಿರುವ ದೊಡ್ಡ ಕೊಡೆ ಬ್ಯಾಗಿನಲ್ಲಿದ್ದರೆ, ಅದೂ ಒಂದು ಉಡುಪೇ.

ಬ್ಯಾಗ್ ಹೊತ್ತವರದ್ದೂ ಮೈಯೇ

ಬೇಸಿಗೆ ಉಡುಪಿನ ಬಗ್ಗೆ ಬರೆಯುವವರು ಆಡುವವರ ಬಗ್ಗೆ ಮಾತ್ರ ಬರೆಯುತ್ತಾರೆ. ಅದೇ ದಾರಿಯನ್ನು ಹತ್ತು ಹನ್ನೆರಡು ಕಿಲೋ ಬ್ಯಾಗ್ ಹೊತ್ತು ನಡೆಯುವ ಕ್ಯಾಡಿಯ ಮೈಯಲ್ಲಿ ಇನ್ನೂ ಜಾಸ್ತಿ ಶಾಖ ಹುಟ್ಟುತ್ತದೆ. 1999ರಲ್ಲಿ ಶಿಕಾಗೋ ಬಳಿ ನಡೆದ ವೆಸ್ಟರ್ನ್ ಓಪನ್‌ನಲ್ಲಿ ಒಬ್ಬ ಕ್ಯಾಡಿ ಬಿಸಿಲಿಗೆ ಕುಸಿದು ಬಿದ್ದರು. ಅದರ ನಂತರವೇ ಪಿಜಿಎ ಟೂರ್ ಕ್ಯಾಡಿಗಳಿಗೆ ಶಾರ್ಟ್ಸ್ ಹಾಕಲು ಬಿಟ್ಟಿತು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಸ್ಟ್ರೋಕ್‌ನಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರಲ್ಲ, ಆಗ ಅವರ ಬ್ಯಾಗ್ ಹೊತ್ತದ್ದು ಅವರ ತಾಯಿ. ಅದೇ ಸ್ಪರ್ಧೆಯ ಮೊದಲ ದಿನ ಅಮೆರಿಕದ ಆಟಗಾರ್ತಿಯೊಬ್ಬರ ಕ್ಯಾಡಿ ಸೆಕೆ ತಾಳದೆ ನಡುವೆಯೇ ಬಿಡಬೇಕಾಯಿತು.

ನಮ್ಮಲ್ಲಿ ಕ್ಯಾಡಿಗಳ ಅಂಗಿ, ಪ್ಯಾಂಟ್ ಅವರ ಆಯ್ಕೆಯಲ್ಲ, ಸಮವಸ್ತ್ರ. ಎಷ್ಟೋ ಕಡೆ ದಪ್ಪ ಬಟ್ಟೆ, ತಲೆಗೆ ಚಿಕ್ಕ ಕ್ಯಾಪ್. ಸದಸ್ಯರು ಸಭೆಯಲ್ಲಿ ಕೇಳಬಹುದಾದ ಮಾತು ಇದು: ನಮ್ಮ ಅಂಗಿಗೆ ಎಷ್ಟು ಗ್ರಾಂ ಬಟ್ಟೆ, ಅವರದ್ದಕ್ಕೆ ಎಷ್ಟು? ತೆಳು ಫುಲ್ ತೋಳಿನ ಅಂಗಿ, ಅಗಲ ಟೋಪಿ ಕೊಡಲು ಕ್ಲಬ್‌ಗೆ ದೊಡ್ಡ ಖರ್ಚಿಲ್ಲ. ನಿಮ್ಮ ಜೊತೆ ಬಂದವರು ಮಾತು ತಡವರಿಸಿದರೆ, ತಲೆ ಸುತ್ತುತ್ತೆ ಅಂದರೆ, ಬೆವರುತ್ತಿದ್ದವರ ಚರ್ಮ ಬಿಸಿಯಾಗಿ ಒಣಗಿದರೆ, ಸ್ಕೋರ್ ಆಮೇಲೆ ನೋಡಿ. ನೆರಳಿಗೆ ಕರೆದೊಯ್ದು ಬಟ್ಟೆ ಸಡಿಲಿಸಿ, ಕತ್ತು, ಕಂಕುಳಿಗೆ ತಣ್ಣೀರು ಹಾಕಿ, ಗಾಳಿ ಬೀಸಿ, ಡಾಕ್ಟರಿಗೆ ಹೇಳಿ ಕಳಿಸಿ.

ಇನ್ನು ದುಡ್ಡಿನ ಲೆಕ್ಕ. ಹೊಸದಾಗಿ ಆಟಕ್ಕೆ ಬಂದವರು ಮೊದಲು ಕೊಳ್ಳುವುದು ದೊಡ್ಡ ಕಂಪನಿಯ ಹೆಸರಿರುವ ಟೀ ಶರ್ಟ್. ನನ್ನ ಪ್ರಕಾರ ಮೊದಲು ಟೋಪಿ, ಆಮೇಲೆ ಎರಡು ಜೊತೆ ಒಳ್ಳೆಯ ಸಾಕ್ಸ್, ಎರಡನೇ ಗ್ಲೌಸ್, ಸನ್‌ಸ್ಕ್ರೀನ್. ಅಂಗಿ ಅದರ ನಂತರ. ಓಟಗಾರರಿಗೆ ಅಂತ ಮಾರುವ ತೆಳು ಕಾಲರ್ ಟೀ ಶರ್ಟ್ ಗಾಲ್ಫ್ ಅಂಗಡಿಯದಕ್ಕಿಂತ ಬಹಳ ಕಮ್ಮಿ ಬೆಲೆಗೆ ಸಿಗುತ್ತದೆ, ಕೆಲಸ ಅಷ್ಟೇ ಮಾಡುತ್ತದೆ. ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ, ಭುಜ ತಿರುಗಲೂ ಸುಲಭ, ಗಾಳಿಗೂ ಜಾಗ. ಬೆಲ್ಟಿನ ಬಕಲ್ ಮಾತ್ರ ನಿಮ್ಮ ಇಷ್ಟ, ಅದಕ್ಕೆ ಬಿಸಿಲಿನ ಹಂಗಿಲ್ಲ.